ದೊಡ್ಡ ಭರಣಿ

ಫೆಬ್ರವರಿ 9, ರೈಲಿನಲ್ಲಿ

ಕಿಟಕಿ ಪಕ್ಕದ ಸೀಟು. ಮಡಿಲಲ್ಲಿ ಅಮ್ಮ ಕೊಟ್ಟ, ಅಸ್ಥಿ ತುಂಬುವ ಪಿಂಗಾಣಿ ಭರಣಿ, ಬಟ್ಟೆಯಲ್ಲಿ ಗಂಟು ಕಟ್ಟಿದ್ದು. ಪಕ್ಕದವರು ಕಂಡೂ ಕಾಣದಂತೆ ಪೇಪರ್ ಓದುತ್ತಿದ್ದಾರೆ. ಖಾಲಿ ಇದೆ ಅಂತ ಹೇಳೋಣ ಅನಿಸಿತು. ಹೇಳಲಿಲ್ಲ.

ನಾನು ಶಾಲೆಯಲ್ಲಿದ್ದಾಗ ಅಪ್ಪ ನಮ್ಮನ್ನು ಬಿಟ್ಟು ಒಸಾಕಾಗೆ ಹೋದರು. ತಾಮಾಯೊ ಎನ್ನುವವಳ ಮನೆಗೆ. ಮೊನ್ನೆ ಸತ್ತರು. ಅಮ್ಮ ಬರಲ್ಲ ಅಂದಳು. ಹೊರಡುವಾಗ ಮಾತ್ರ —

"ಅರ್ಧ ಮೂಳೆ ಅವಳಿಗಿರಲಿ. ಅರ್ಧ ತಗೊಂಡು ಬಾ. ಸತ್ತಾದರೂ ನನ್ನ ಪಕ್ಕ ಬಿದ್ದಿರಲಿ. ಬಾಯಿಬಿಟ್ಟು ಕೇಳ್ತೀಯಾ ತಾನೆ?"

ಹೂಂ ಅಂದೆ.

ಅದೇ ದಿನ, ಸಂಜೆ

ಒಸಾಕಾ. ಎಸ್ಕಲೇಟರಿನಲ್ಲಿ ಎಲ್ಲರೂ ಬಲಕ್ಕೆ ನಿಲ್ಲುತ್ತಾರೆ. ನಮ್ಮೂರು ಮಿತೊದ ಅಭ್ಯಾಸದಲ್ಲಿ ನಾನು ಎಡಕ್ಕೆ ನಿಂತೆ. ಹಿಂದಿನಿಂದ ಒಬ್ಬ — "ಏ ತಂಗಿ, ಗೂಟ ಹೊಡ್ಕೊಂಡು ನಿಂತೀಯೇನ?" ಸುತ್ತಲಿನವರೆಲ್ಲ ನಕ್ಕರು. ಊರಿಗೆ ಊರೇ ಕರಿದೆಣ್ಣೆಯ ವಾಸನೆ. ಗುರುತಿಲ್ಲದವರೂ ಗಟ್ಟಿಯಾಗಿ ಮಾತಾಡುತ್ತಾರೆ. ನಮ್ಮ ಮನೆಯ ಮೌನ ಬಿಟ್ಟು ಅಪ್ಪ ಇದಕ್ಕಾಗಿ ಬಂದರೋ...

ತಾಮಾಯೊಳದು ಎಲೆಕೋಸಿನ ದೋಸೆಯ ಅಂಗಡಿ. ಬಾಗಿಲು ಅರ್ಧ ಎಳೆದಿತ್ತು.

"ಬಾರವ್ವ ಒಳಗ. ಮೂಗು ನೋಡಿದ್ರ ಸಾಕು, ನಿಮ್ಮಪ್ಪಂದು. ಉಂಡೀಯಿಲ್ಲ?"

ದ್ವೇಷಿಸಬೇಕೆಂದು ಬಂದವಳು ಎರಡು ದೋಸೆ ತಿಂದೆ.

ಫೆಬ್ರವರಿ 10

ಚಿತಾಗಾರ. ಕಬ್ಬಿಣದ ತಟ್ಟೆಯ ಮೇಲೆ ಅಪ್ಪ, ಬರೀ ಮೂಳೆ. ಇನ್ನೂ ಬಿಸಿ. ಕಾಲಿನಿಂದ ಶುರು — ಭರಣಿಯೊಳಗೆ ತಲೆಕೆಳಗಾಗಬಾರದಲ್ಲ. ಪ್ರತಿ ಚೂರನ್ನೂ ನಾನು, ತಾಮಾಯೊ ಕಡ್ಡಿಗಳಲ್ಲಿ ಒಟ್ಟಿಗೆ ಹಿಡಿದು ಎತ್ತಬೇಕು. ನನ್ನ ಕಡ್ಡಿ ಜಾರಿದಾಗ ಅವಳು ಕಾದಳು.

ಅವಳ ಭರಣಿ ಉಪ್ಪಿನಕಾಯಿ ಜಾಡಿಯಷ್ಟು ಚಿಕ್ಕದು. ನೋಡಿ ಕಣ್ಣು ತುಂಬಿತು. ನನ್ನ ಗಂಟು ನೋಡಿದ್ದಾಳೆ, ಮುಕ್ಕಾಲು ಪಾಲು ನಮಗೇ ಬಿಡುತ್ತಿದ್ದಾಳೆ ಅಂದುಕೊಂಡೆ. ಕೇಳುವ ಕಷ್ಟವೂ ತಪ್ಪಿತು.

ಕೊನೆಗೆ ಗಂಟಲ ಮೂಳೆ. ಮುಚ್ಚಳ. ನಾನು ಗಂಟು ಬಿಚ್ಚತೊಡಗಿದೆ. ಅಲ್ಲಿನ ಕೆಲಸದವನು ಬಾಗಿ ನಮಸ್ಕರಿಸಿ ತಟ್ಟೆಯನ್ನು ಒಳಗೆ ತಳ್ಳಿಕೊಂಡು ಹೋದ. ಬ್ರಷ್ ತರಲು ಅಂದುಕೊಂಡೆ. ನಮ್ಮ ಕಡೆ ಪುಡಿಯನ್ನೂ ಗುಡಿಸಿ ತುಂಬಿಸುತ್ತಾರೆ. ಅಜ್ಜನಿಗೆ ಹಾಗೇ ಮಾಡಿದ್ದರು. ನಿಂತೇ ಇದ್ದೆ.

"ನಡಿಯವ್ವ, ಆತು."

ಉಳಿದದ್ದು? — ತುಟಿಯವರೆಗೆ ಬಂತು. ಕೇಳಿದ್ದು ಕಾರಿನಲ್ಲಿ, ಅರ್ಧ ದಾರಿಯಲ್ಲಿ.

ತಾಮಾಯೊ ಗಕ್ಕನೆ ಕಾರು ನಿಲ್ಲಿಸಿದಳು. "ಅಯ್ಯ! ಇಲ್ಲಿ ಯಾರೂ ಪೂರ್ತಿ ಒಯ್ಯಂಗಿಲ್ಲ. ಉಳಿದದ್ದು ಎಲ್ಲಾರ ಜೋಡಿ ಕೂಡಿಸಿಬಿಡ್ತಾರ. ಆ ಗಂಟಿನಾಗ ಅರಿವಿ ಅದಾವ ಅಂದ್ಕೊಂಡಿದ್ದೆ. ಬಾಯಿ ಇರಲಿಲ್ಲೇನ ನಿನಗ?"

ಕಾರು ತಿರುಗಿಸಿದಳು. ಅಷ್ಟರಲ್ಲಿ ಕೂಡಿಸಿಯಾಗಿತ್ತು.

ನಾಲ್ಕು ವರ್ಷ ಸಾಹಿತ್ಯ ಓದಿದೆ. ಬೇಕಾದಾಗ ಒಂದು ವಾಕ್ಯ ಹೊರಡಲಿಲ್ಲ.

ಫೆಬ್ರವರಿ 13

ಅಮ್ಮನ ಫೋನು. ಮತ್ತೆ ಫೋನು. ಎತ್ತಲಿಲ್ಲ.

ಇವತ್ತು ಕೊನೆಗೂ ಕೇಳಿದೆ — ಅವಳ ಜಾಡಿಯಲ್ಲಿರುವುದರಲ್ಲೇ ಒಂದು ಚೂರು. ತಾಮಾಯೊ ತವೆ ಉಜ್ಜುತ್ತಲೇ ಇದ್ದಳು.

"ಇದರಾಗ ಪಾಲು ಕೇಳಬ್ಯಾಡ ತಂಗಿ. ಹೆಂಡತಿ ಅನ್ನೋ ಹೆಸರು ನಿಮ್ಮವ್ವಗ ಇತ್ತು, ಮನಿತನ ಇತ್ತು, ನೀನಿದ್ದಿ. ನನಗಿರೋದು ಈ ಜಾಡಿ."

ಹೊರಡುವಾಗ ದೋಸೆ ಕಟ್ಟಿಕೊಟ್ಟಳು. ಬೇಡ ಅನ್ನಲೂ ಆಗಲಿಲ್ಲ.

ಫೆಬ್ರವರಿ 14, ಮನೆ

ಅಮ್ಮ ಹೂವು ತಂದಿಟ್ಟಿದ್ದಳು. ಕಪ್ಪು ಬಟ್ಟೆ ಉಟ್ಟು ಬಾಗಿಲಲ್ಲೇ ನಿಂತಿದ್ದಳು. ಎರಡೂ ಕೈ ಚಾಚಿ ಗಂಟು ತೆಗೆದುಕೊಂಡಳು. ಭಾರಕ್ಕೆಂದು ಸೊಂಟ ಬಿಗಿಹಿಡಿದಿದ್ದಳು. ಕೈ ಮೇಲಕ್ಕೆ ಹಾರಿತು.

"ಇಷ್ಟು ಹಗುರಾನಾ..." ಅಂದಳು. ಗಂಟಿಗೆ ಕೆನ್ನೆ ಒತ್ತಿದಳು. "ಅಷ್ಟೂ ಸವೆದುಹೋಗಿದ್ರೇನೇ ನಿಮ್ಮಪ್ಪ?"

ನಾನು ಹೂಂ ಅಂದೆ.