ಹೊಳೆಯಲ್ಲಿ ಸಿಕ್ಕ ಅತ್ತೆ

ಮುತಿಂಟಾ ಅಕ್ಕನಿಗೆ, ಜಾಂಬೆಜಿ ದಡದಿಂದ ನಿನ್ನ ತಮ್ಮ ಬರೆಯುವುದು.

ಇವತ್ತು ಮುಂಜಾನೆ ಮಂಜಿನಲ್ಲಿ ಹೊಳೆ ಯಾವುದು, ಆಕಾಶ ಯಾವುದು ತಿಳಿಯಲಿಲ್ಲ. ನಮ್ಮ ದೋಣಿ ಎರಡರ ನಡುವೆ ಎಲ್ಲೋ ತೇಲುತ್ತಿತ್ತು. "ಅಗೋ, ನೀರಾನೆ!" ಎಂದು ಕೂಗಿಬಿಟ್ಟೆ. ಗುಡ್ಡದಂಥ ಬೆನ್ನೊಂದು ನೀರು ಸೀಳಿಕೊಂಡು ನಮ್ಮತ್ತಲೇ ಬಂತು.

ಅಂಬಿಗ ಸಿಟಾಲಿ ಅಜ್ಜ ಟೋಪಿ ತೆಗೆದು, ಅದಕ್ಕೆ ಬೆನ್ನು ಮಾಡಿ ಕೂತ. "ಹೊಳೇಲಿ ಆ ಹೆಸ್ರು ಎತ್ತಬಾರ್ದು ಕಣೋ, ಅತ್ತೆ ಅನ್ನು. ಹೆಣ್ಣು ಕೊಟ್ಟ ಅತ್ತೆ ಮುಖ ಅಳಿಯ ಆದೋನು ನೋಡ್ತಾನೇನೋ? ತಲೆ ತಗ್ಸು!"

ತಗ್ಗಿಸಿದೆ. ಬಿಸಿಯುಸಿರು ಕತ್ತಿಗೆ ತಾಗಿತು. ದೋಣಿ ತೊಟ್ಟಿಲಿನಂತೆ ತೂಗಿತು. ಆಮೇಲೆ ಬರೀ ನೀರಗುಳ್ಳೆಗಳು.

ನನ್ನ ಜ್ವರ ಬಿಟ್ಟಿದೆ, ಚಿಂತೆ ಬೇಡ. ಅಜ್ಜ ಕರೆಯುತ್ತಿದ್ದಾನೆ, ಹೊರಟೆ. ಅಮ್ಮ ಬಂದಾಗಲೆಲ್ಲ ಭಾವ ಜೋಳದ ಹೊಲದಲ್ಲಿ ಅಡಗುತ್ತಾರಲ್ಲ, ಅದಕ್ಕೆ ಇನ್ನು ನಾನು ನಗುವುದಿಲ್ಲ ಎಂದು ಅವರಿಗೆ ಹೇಳು.

ಚೋಲ್ವೆ