ಮಾಳಿಗೆಯ ಸರದಿ

ಲೇಬರ್ ಕ್ಯಾಂಪು, ರೂಮ್ ನಂ. ೧೭
೧೮-೮-೨೦೨೪

ಚಿ. ಸೌ. ಜ್ಯೋತಿಲಕ್ಷ್ಮಿಗೆ ನಿನ್ನ ಯಲ್ಲೇಶನ ಆಶೀರ್ವಾದಗಳು.

ನಿನ್ನ ತಮ್ಮ ಫಕ್ಕೀರೇಶನ ಮಣ್ಣಾಗಿ ತಿಂಗಳಾದ ಮೇಲೆ ಬರೆಯುತ್ತಿದ್ದೇನೆ, ಸಿಟ್ಟಾಗಬೇಡ. ಫೋನಿನಲ್ಲಿ ಹೇಳೋಣವೆಂದರೆ ನೀನು ಸ್ಪೀಕರ್ ಹಾಕುತ್ತೀ, ಬ್ಯಾಡಗಿಯ ಅರ್ಧ ಓಣಿ ಕೇಳುತ್ತದೆ. ರೂಮಿನ ಮುಸ್ತಾಕ್ ರಜೆಯ ಮೇಲೆ ಗುತ್ತಲಕ್ಕೆ ಹೊರಟಿದ್ದಾನೆ, ಅವನ ಕೈಯಲ್ಲಿ ಕೊಟ್ಟಿದ್ದೇನೆ. ಒಬ್ಬಳೇ ಓದಿಕೋ.

ಅವನು ಹೇಗೆ ಹೋದನೆಂದು ಕೇಳಿದ್ದೆಯಲ್ಲ. ಈ ಪಟ್ಟಣ ಮರುಭೂಮಿಗಿಂತ ಕೆಟ್ಟದ್ದು. ಊರಾಚೆಯ ಮರಳು ರಾತ್ರಿ ತಣ್ಣಗಾಗುತ್ತದೆ, ಒಂಟೆ ಕಾಯುವವರು ಸುಖವಾಗಿ ಮಲಗುತ್ತಾರೆ. ಇಲ್ಲಿನ ಸಿಮೆಂಟು, ಡಾಂಬರು ಹಗಲೆಲ್ಲ ನುಂಗಿದ ಬಿಸಿಲನ್ನು ರಾತ್ರಿ ಕಕ್ಕುತ್ತವೆ. ಸಾಲದ್ದಕ್ಕೆ ಸುತ್ತಲಿನ ಏಸಿಗಳೆಲ್ಲ ತಮ್ಮ ಬಿಸಿಗಾಳಿಯನ್ನು ನಮ್ಮ ಮಾಳಿಗೆಗೇ ಊದುತ್ತವೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ರೂಮಿನಲ್ಲಿ ಆರು ಮಂಚ, ಏಳು ಜನ. ದಿನಕ್ಕೊಬ್ಬರಂತೆ ಮಾಳಿಗೆಯ ಮೇಲೆ ಮಲಗುವ ಸರದಿ. ಫಕ್ಕೀರೇಶ ಬಂದು ಆಗ ಎಂಟೇ ದಿನವಾಗಿತ್ತು. ಸೆಕೆ ಎಂದು ಫೋನಿನಲ್ಲಿ ಗೋಳಾಡಿದ್ದಕ್ಕೆ ಅತ್ತೆಯೇ ಹೇಳಿದರು: "ನೀರ ಹೊಡದ ಮಲ್ಕೋ ಮಗನ. ನಮ್ಮ ಮಾಳಿಗಿ ಮ್ಯಾಲ ಮಲ್ಕೊಳ್ಳಂಗಿಲ್ಲೇನು? ಎಂಥಾ ಸೆಕಿನೂ ಇಳಿತೈತಿ." ಹುಚ್ಚ ನಾಲ್ಕು ಬಕೆಟ್ ಹೊಡೆದ. ತಂಪಾಗಲಿಲ್ಲ, ಹಬೆಯೆದ್ದಿತು. ಅದರಲ್ಲಿ ಕಡುಬಿನಂತೆ ಬೆಂದ. ಬೆಳಿಗ್ಗೆ ಮುಸ್ತಾಕ್ ಎಬ್ಬಿಸಲು ಹೋದರೆ ಏಳಲಿಲ್ಲ. ಊರಿನ ಉಪಾಯ ಎಲ್ಲ ಕಡೆ ನಡೆಯುತ್ತದೆಯೇ?

"ನನ್ನ ಮಾತ ಅವನ್ನ ಕೊಂದ್ತು" ಎಂದು ಅತ್ತೆ ಊಟ ಬಿಟ್ಟಿದ್ದಾರೆಂದು ನೀನು ಹೇಳಿದ್ದೆ. ಮುದುಕಿಗೇನು ಗೊತ್ತು, ಪಾಪ. ಗಂಜಿಯನ್ನಾದರೂ ಕುಡಿಸು. ಮಗಳು ಸ್ನೇಹಾಗೆ ಚಾಕೊಲೇಟು, ನಿನಗೊಂದು ಸೆಂಟಿನ ಬಾಟಲಿ ಕಳಿಸಿದ್ದೇನೆ.

ದೇವರು ನಿಮ್ಮನ್ನೆಲ್ಲ ತಂಪಾಗಿ ಇಟ್ಟಿರಲಿ.

ನಿನ್ನ
ಯಲ್ಲೇಶ

ತಾ.ಕ.: ಆ ದಿನದ ಸರದಿ ನನ್ನದಿತ್ತು. "ನಿನಗ ಮಾಳಿಗಿ ರೂಢಿ ಐತಿ, ನೀ ಹೋಗು" ಎಂದು ನಾನೇ ಅವನನ್ನು ಕಳಿಸಿದೆ. ನಡುರಾತ್ರಿ ಇಳಿದು ಬಂದು ಬಾಗಿಲು ಬಡಿದ. "ಮಾವಾ, ಉಸಿರು ಕಟ್ಟಾಕತ್ತೈತಿ, ಒಳಗ ಕರ್ಕೋ" ಅಂದ. ಉಳಿದವರೆಲ್ಲ ಗಾಢ ನಿದ್ದೆಯಲ್ಲಿದ್ದರು, ನನಗೆ ಎಚ್ಚರವಿತ್ತು. ಚಿಲಕ ತೆಗೆದರೆ ಮಂಚ ಬಿಡಬೇಕಾಗುತ್ತದೆಂದು ನಿದ್ದೆ ಬಂದವನಂತೆ ಬಿದ್ದುಕೊಂಡೆ. ಇನ್ನೆರಡು ಸಲ ಬಡಿದು ಮೆಟ್ಟಿಲು ಹತ್ತಿ ಹೋದ. ಅತ್ತೆಗೆ ಇದನ್ನು ಹೇಳಬೇಡ. ತನ್ನಿಂದಲೇ ಆಯಿತೆಂದು ನಂಬಿದ್ದಾರಲ್ಲ, ಹಾಗೇ ಇರಲಿ.