ಸುರಂಗದ ಗಾಜಿನಲ್ಲಿ

ಕುರಿ ಕಾಯುತ್ತ, ಕೊಟ್ಟೂರಿನ ರೈಲಿನ ಸಿಳ್ಳು ಕೇಳಿ ಹೊತ್ತು ಹೇಳುತ್ತಿದ್ದ ಅಪ್ಪನಿಗೆ,

ಬೆಂಗಳೂರಿನಲ್ಲಿ ಮೆಟ್ರೊ ಬಾಗಿಲು ತೆರೆದಾಗ ನೀನು ಮೆಟ್ಟು ಕಳಚಿ ಕಂಕುಳಲ್ಲಿ ಇಟ್ಟುಕೊಂಡದ್ದು ನೆನಪಿದೆಯೇ? "ಹಾಕ್ಕೋ ಅಪ್ಪ, ಮಂದಿ ನೋಡ್ತಾರ" ಅಂದೆ ನಾನು. "ನೋಡ್ಲಿ ಬಿಡು. ನಮ್ಮ ದೇವ್ರ ಕಟ್ಟಿನೂ ನಾವು ಇಷ್ಟು ತೊಳಿಯಂಗಿಲ್ಲ" ಅಂದಿದ್ದು ನೀನು. ಎದುರು ಕೂತವರೆಲ್ಲ ನಕ್ಕರು.

ಅಂದು ಬೆಳಿಗ್ಗೆ ಡಾಕ್ಟರು ನಿನ್ನ ರಿಪೋರ್ಟನ್ನು ನನ್ನೊಬ್ಬಳಿಗೇ ಬಿಡಿಸಿ ಹೇಳಿದ್ದರು. ಹೊರಗೆ ಬಂದು, "ಏನಿಲ್ಲಪ್ಪ, ಬರೇ ನಿಶ್ಶಕ್ತಿ ಅಂತ. ಬಾ, ರೈಲು ತೋರಿಸ್ತೀನಿ" ಅಂದುಬಿಟ್ಟೆ. ಎಂ.ಎ. ಓದಿದವಳು, ಮನೆ ತುಂಬ ಕವಿತೆಯ ಪುಸ್ತಕ ಇಟ್ಟವಳು. ಬೇರೆ ಮಾತೇ ಒದಗಲಿಲ್ಲ. ಮೊದಲು ತೋರಿಸಿದ್ದು ರೈಲು ನಿಲ್ದಾಣದೆದುರಿನ ಹಳೆಯ ಉಗಿ ಎಂಜಿನ್ನು. ಅದರ ಗಾಲಿಯನ್ನು ಕುರಿಯ ಬೆನ್ನಿನಂತೆ ಸವರಿದೆ ನೀನು. "ಮುದುಕ ಆದ್ಮ್ಯಾಲೆ ಬಣ್ಣ ಹೊಡದು ನಿಂದರಿಸ್ಯಾರ ನೋಡು. ನನಗೂ ಹಿಂಗ ಮಾಡ್ತೀಯೇನು?" ನಾನು ಜೋರಾಗಿ ನಕ್ಕೆ. ಅಷ್ಟು ಜೋರಾಗಿ ನಾನು ಯಾವಾಗ ನಕ್ಕವಳು?

ಆಮೇಲೆ ಹತ್ತಿದ ಮೆಟ್ರೊ ಸುರಂಗಕ್ಕೆ ಇಳಿದಾಗ ಕಿಟಕಿಯ ಗಾಜು ಕನ್ನಡಿಯಾಯಿತು. ನೀನು ಮುಖ ಹತ್ತಿರ ತಂದು, ಹೆಬ್ಬೆರಳಿನಿಂದ ಕೆಳರೆಪ್ಪೆ ಜಗ್ಗಿ ನೋಡಿಕೊಂಡೆ. ವರ್ಷವೂ ಹಿಂಡು ಬೇರೆ ಸೀಮೆಗೆ ಹೊರಡುವ ಮುನ್ನ ಒಂದೊಂದೇ ಕುರಿಯ ರೆಪ್ಪೆಯನ್ನು ಹೀಗೇ ಜಗ್ಗುತ್ತಿದ್ದೆಯಲ್ಲ. ಒಳಗೆ ಕೆಂಪಿದ್ದರೆ ಹಿಂಡಿಗೆ. ಬಿಳಿಚಿದ್ದರೆ, "ಇದು ದಾರಿ ಮುಟ್ಟಂಗಿಲ್ಲ, ಮನಿಯಾಗ ಇರ್ಲಿ." ನೀನು ಕೈ ಇಳಿಸಿ ನನ್ನತ್ತ ತಿರುಗಿದೆ. "ಚಲೋ ಐತವ್ವ ರೈಲು" ಅಂದಿದ್ದು ಅಷ್ಟೇ.

ನಾನು ನೋಡದವಳಂತೆ ಇದ್ದೆ. ಉಳಿದ ನಾಲ್ಕು ತಿಂಗಳೂ ಹಾಗೇ ಇದ್ದೆವು, ಇಬ್ಬರೂ. ನಿನ್ನ ಭಯವನ್ನು ಯಾರ ಹತ್ತಿರ ಹೇಳಿಕೊಂಡೆ ಅಪ್ಪಾ? ಕುರಿಗಳಿಗೋ? ನಾನು ಒಂದು ಸಲವಾದರೂ ಕೇಳಿದ್ದರೆ...

ನಿನಗೆ ಗೊತ್ತಿಲ್ಲದ ಸುದ್ದಿ ಒಂದಿದೆ. ಹೋದ ವಾರ ನಿನ್ನ ಮೊಮ್ಮಗಳು ನನ್ನನ್ನು ಅದೇ ಆಸ್ಪತ್ರೆಗೆ ಕರೆದೊಯ್ದಿದ್ದಳು. ಡಾಕ್ಟರ ಕೋಣೆಯಿಂದ ಬಂದವಳೇ ಕಾಗದಗಳನ್ನು ಚೀಲದ ತಳಕ್ಕೆ ತುರುಕಿ, "ಏನಿಲ್ಲವ್ವ, ಬರೇ ರಕ್ತ ಕಡಿಮಿ ಅಂತ. ಬಾ, ಹೊಸ ಮೆಟ್ರೊ ತೋರಿಸ್ತೀನಿ" ಅಂದಳು. ದಾರಿಯುದ್ದಕ್ಕೂ ನಗಿಸಿದಳು. ಅವಳು ಅಷ್ಟು ಮಾತಿನವಳಲ್ಲ.

ಸುರಂಗ ಬಂತು. ನನ್ನ ಕೈ ತಾನಾಗಿ ಕಣ್ಣಿನವರೆಗೆ ಏರಿತು. ಗಾಜಿನಲ್ಲಿ ಅವಳು ನನ್ನನ್ನೇ ನೋಡುತ್ತಿದ್ದಳು.

ಕೂದಲು ಸರಿಮಾಡಿಕೊಂಡೆ. ಅವಳೆದುರು ರೆಪ್ಪೆ ಜಗ್ಗುವುದಿಲ್ಲ, ಅಪ್ಪಾ.